ಪ್ರಸಂಗ ನಿಮ್ಮದು, ಅರ್ಥ ಅವರದು: ಆಟ ನಡೆಸುವ ಮಕ್ಕಳಿಗೆ ದೊಡ್ಡಮ್ಮನ ಕಿವಿಮಾತು



ಸ್ಯಾನ್ ರಮೋನಿನ ನಮ್ಮ ಡೊಹರ್ಟಿ ವ್ಯಾಲಿಯ ಮನೆಗಳಲ್ಲಿ ಶನಿವಾರ ಬೆಳಿಗ್ಗೆ ಏನು ನಡೆಯುತ್ತದೆ ಎಂಬುದು ಬೀದಿಯಲ್ಲಿ ಹೋಗುವವರಿಗೆ ಗೊತ್ತಾಗುವುದಿಲ್ಲ. ಒಬ್ಬಳು ಹೆಡ್‌ಫೋನ್ ಹಾಕಿಕೊಂಡು ಕೋಣೆಯಲ್ಲಿ ಕೂತಿರುತ್ತಾಳೆ. ಅವಳ ಜೊತೆ ಫ್ರೀಮಾಂಟಿನ ಗೆಳತಿ, ಬೆಂಗಳೂರಿನ ಚಿಕ್ಕಪ್ಪನ ಮಗ, ಲಂಡನ್ನಿನ ಅತ್ತೆಮಗಳು ಎಲ್ಲ ಸೇರಿ ಡಿಸ್ಕಾರ್ಡಿನಲ್ಲಿ ಒಂದು ರಾಜ್ಯವನ್ನೇ ಕಟ್ಟಿಕೊಂಡಿರುತ್ತಾರೆ. ಪಾತ್ರ ವಹಿಸಿ ಕಥೆ ಕಟ್ಟುವ ಈ ಆಟವನ್ನು ನಡೆಸುವ ಹೊಣೆ ಹೊತ್ತ ನಿಮ್ಮಲ್ಲಿ ಹಲವರು ನನ್ನ ಹತ್ತಿರ ಬಂದು ಒಂದೇ ಸಂಕಟ ಹೇಳಿಕೊಂಡಿದ್ದೀರಿ. "ದೊಡ್ಡಮ್ಮಾ, ಕಥೆ ಬರೆದಿಟ್ಟುಕೊಂಡು ಹೋದರೆ ಅವರು ಅದರ ಹತ್ತಿರವೂ ಸುಳಿಯುವುದಿಲ್ಲ. ಬರೆಯದೆ ಹೋದರೆ ಎಲ್ಲರೂ ಸುಮ್ಮನೆ ಕೂತುಬಿಡುತ್ತಾರೆ."

ನನಗೆ ತಿಳಿದದ್ದನ್ನು ಇಲ್ಲಿ ಬರೆದುಕೊಟ್ಟಿದ್ದೇನೆ. ಇದರಲ್ಲಿ ಒಂದು ಪಾಲು ಪುತ್ತೂರು, ಕಾಸರಗೋಡಿನ ತಾಳಮದ್ದಳೆಯಿಂದ ಬಂದದ್ದು. ಇನ್ನೊಂದು ಪಾಲು ಇಲ್ಲಿಯ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಮುತ್ತ ನಡೆದ ಹಳೆಯ ಕಂಪ್ಯೂಟರ್ ಆಟಗಳ ಚರಿತ್ರೆಯಿಂದ.

• ಮೊದಲು ಒಂದು ತಾಳಮದ್ದಳೆಯನ್ನು ಆರಂಭದಿಂದ ಮಂಗಳದವರೆಗೆ ಕೇಳಿ. ಯೂಟ್ಯೂಬಿನಲ್ಲಿ ಬೇಕಾದಷ್ಟಿವೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು, ಚೆಂಡೆ ಮದ್ದಳೆಯವರು, ಎದುರುಬದುರು ಕೂತ ಅರ್ಥಧಾರಿಗಳು, ಅಷ್ಟೇ. ಪ್ರಸಂಗದ ಪದ್ಯಗಳನ್ನು ಕವಿ ಎಂದೋ ಬರೆದಿಟ್ಟಿದ್ದಾನೆ. ರಾಮಾಯಣದ್ದಾದರೆ ಹೆಚ್ಚಾಗಿ ಕುಂಬಳೆಯ ಪಾರ್ತಿಸುಬ್ಬನದು. ಭಾಗವತರು ಒಂದು ಪದ್ಯ ಹಾಡಿ ನಿಲ್ಲಿಸಿದರೆ ಮುಂದಿನ ಮಾತು ಅರ್ಥಧಾರಿಯದು, ಅದನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ಮರೆಯಿಂದ ಬಂದ ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಏನು ಕೇಳುತ್ತಾನೆ? ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿಯಾಗಿ ಕೂತರೆ ಎದುರಿನ ರಾಮನಿಗೆ ಬೆವರು ಬರುತ್ತಿತ್ತು. ಅವರ ಪ್ರಶ್ನೆಗಳನ್ನು ದಾಟಿಕೊಂಡು ಹೋಗುವಂತಿರಲಿಲ್ಲ, ಒಂದೊಂದಕ್ಕೂ ನಿಂತು ಉತ್ತರ ಕೊಡಬೇಕಿತ್ತು. ವಾಲಿ ಸಾಯುತ್ತಾನೆ ಎಂಬುದರಲ್ಲಿ ಸಭೆಯ ಯಾರಿಗೂ ಅನುಮಾನವಿಲ್ಲ. ರಾಮನ ಮಾತನ್ನು ಒಪ್ಪಿ ಸಾಯುತ್ತಾನೋ, ಒಪ್ಪದೆಯೇ ಮಗನನ್ನು ಅವನ ಕೈಗೊಪ್ಪಿಸಿ ಸಾಯುತ್ತಾನೋ, ಅದು ಆ ರಾತ್ರಿ ಎದುರುಬದುರು ಕೂತ ಇಬ್ಬರಿಗೆ ಸೇರಿದ್ದು. ನಿಮ್ಮ ಆಟದಲ್ಲೂ ಹಾಗೆಯೇ ಪಾಲು ಮಾಡಿಕೊಳ್ಳಿ. ಪ್ರಸಂಗ ನಿಮ್ಮದು, ಅರ್ಥ ಅವರದು. ಮುಂದೆ ನಾನು ಹೇಳುವುದೆಲ್ಲ ಈ ಗಡಿಯನ್ನು ಕಾಯುವ ಬಗೆ.

• ನಿಗದಿಯಾದದ್ದನ್ನು ಮುಚ್ಚಿಡಬೇಡಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಮಾತು ಇದೇ. ಕೃಷ್ಣ ಹಸ್ತಿನಾಪುರಕ್ಕೆ ಸಂಧಾನಕ್ಕೆ ಹೋದರೆ ಅದು ಮುರಿಯುತ್ತದೆ, ಯುದ್ಧವಾಗುತ್ತದೆ. ಕೇಳಲು ಬಂದ ಸಣ್ಣ ಹುಡುಗನಿಗೂ ಇದು ಗೊತ್ತು. ಆದರೂ ಜನ ನಿದ್ದೆಗೆಟ್ಟು ಕೇಳುತ್ತಾರೆ, ಏಕೆಂದರೆ ಕೌರವ ಇವತ್ತು ಯಾವ ನ್ಯಾಯ ಎತ್ತುತ್ತಾನೆ, ಕೃಷ್ಣ ಅದನ್ನು ಎಲ್ಲಿ ಹಿಡಿಯುತ್ತಾನೆ ಎಂಬುದು ಯಾರಿಗೂ ಗೊತ್ತಿಲ್ಲ. ಕೊನೆ ಗೊತ್ತಿದ್ದರೆ ಸ್ವಾತಂತ್ರ್ಯ ಹೋಯಿತು ಎಂದು ನೀವು ಹೆದರುತ್ತೀರಿ. ಹೋಗುವುದಿಲ್ಲ. ಕೊನೆಯನ್ನು ನೀವು ಮನಸ್ಸಿನಲ್ಲಿ ಇಟ್ಟುಕೊಂಡು, "ಏನು ಬೇಕಾದರೂ ಮಾಡಿ" ಎಂದು ಬಾಯಲ್ಲಿ ಹೇಳಿದಾಗ ಹೋಗುತ್ತದೆ.

ನಿಮ್ಮ ಕಥೆಯಲ್ಲಿ ಕೋಟೆ ಬೀಳಲೇಬೇಕಾದರೆ ಮೊದಲ ದಿನವೇ ಎಲ್ಲರನ್ನೂ ಕೂರಿಸಿಕೊಂಡು ಹೇಳಿ: "ಈ ಕೋಟೆ ಬೀಳುತ್ತದೆ. ಒಳಗೆ ನೀವು ಯಾರಾಗಿದ್ದೀರಿ, ಯಾರನ್ನು ಹೊರಗೆ ತರುತ್ತೀರಿ, ಬಿದ್ದ ಮೇಲೆ ಯಾರ ಪಕ್ಷ ಸೇರುತ್ತೀರಿ, ಅದು ನಿಮಗೆ ಬಿಟ್ಟದ್ದು." ಆಗ ಅವರು ಕೋಟೆಯನ್ನು ಉಳಿಸಲು ನಿಮ್ಮೊಡನೆ ಜಗ್ಗಾಡುವುದಿಲ್ಲ. ಬೀಳುವ ಕೋಟೆಯಲ್ಲಿ ತನ್ನ ಪಾತ್ರ ಹೇಗೆ ನಡೆದುಕೊಳ್ಳಬೇಕು ಎಂದು ಯೋಚಿಸತೊಡಗುತ್ತಾರೆ.

ಎಡದ ದಾರಿ ಹಿಡಿದರೂ ಬಲದ ದಾರಿ ಹಿಡಿದರೂ ಅದೇ ರಾಕ್ಷಸನನ್ನು ತಂದು ನಿಲ್ಲಿಸಿ, ಆಡುವವರಿಗೆ ಗೊತ್ತಾಗುವುದಿಲ್ಲ ಬಿಡಿ ಎಂದು ಕಲಿಸುವವರಿದ್ದಾರೆ. ಅವರ ಮಾತು ಕೇಳಬೇಡಿ. ಮೊದಲ ಸಲ ಗೊತ್ತಾಗಲಿಕ್ಕಿಲ್ಲ. ನಾಲ್ಕಾರು ವಾರ ಜೊತೆಯಲ್ಲಿ ಆಡಿದವರಿಗೆ ಖಂಡಿತ ವಾಸನೆ ಬಡಿಯುತ್ತದೆ. ಆಮೇಲೆ ಅವರು ಆಯ್ಕೆ ಮಾಡುವುದನ್ನೇ ಬಿಟ್ಟು, "ನೀನು ಎಲ್ಲಿಗೆ ಕರೆದುಕೊಂಡು ಹೋಗಬೇಕೆಂದಿದ್ದೀಯೋ ಅಲ್ಲಿಗೇ ಹೋಗೋಣ" ಎನ್ನುತ್ತಾರೆ. ಒಂದೇ ದಾರಿ ಸಿದ್ಧಮಾಡಿಕೊಂಡಿದ್ದರೆ ಒಂದೇ ದಾರಿ ತೋರಿಸಿ. ಯಾರ ಜೊತೆ ಹೋಗುತ್ತೀರಿ, ಹಗಲಲ್ಲೋ ರಾತ್ರಿಯಲ್ಲೋ, ಗಾಯಗೊಂಡವನನ್ನು ಹೊತ್ತುಕೊಂಡೋ ಬಿಟ್ಟೋ ಎಂದು ಕೇಳಿ. ಅವು ನಿಜವಾದ ಆಯ್ಕೆಗಳು.

• ತೀರ್ಮಾನ ಬರೆಯಬೇಡಿ, ಇಕ್ಕಟ್ಟು ಬರೆಯಿರಿ. ಒಂದು ಉದಾಹರಣೆ ಕೊಡುತ್ತೇನೆ, ಬೇಕಾದರೆ ಹೀಗೆಯೇ ಆಡಿ. ಊರ ಕೆರೆಯ ಏರಿ ಸೋರುತ್ತಿದೆ. ಮೂರನೆಯ ರಾತ್ರಿ ದೊಡ್ಡ ಮಳೆ ಬರುತ್ತದೆ. ತೂಬು ತೆರೆದು ನೀರು ಬಿಟ್ಟರೆ ಕೊಯ್ಲಿಗೆ ನಿಂತ ಗೌಡರ ಗದ್ದೆ ಮುಳುಗುತ್ತದೆ, ಬಿಡದಿದ್ದರೆ ಏರಿ ಒಡೆಯುತ್ತದೆ. ಏರಿಯ ಸ್ಥಿತಿ ನೀರುಗಂಟಿಗೆ ಗೊತ್ತು, ಆದರೆ ಅವನು ಗೌಡರ ಸಾಲದಲ್ಲಿದ್ದಾನೆ. ಕೆಳಗಿನ ಕೇರಿಯಲ್ಲಿ ಮದುವೆಯ ಚಪ್ಪರ ಎದ್ದಿದೆ. ಇಷ್ಟು ಬರೆದುಕೊಂಡರೆ ಒಂದು ದಿನದ ಆಟಕ್ಕೆ ಸಾಕು. "ಆಡುವವರು ನೀರುಗಂಟಿಯನ್ನು ಒಲಿಸಿಕೊಳ್ಳುತ್ತಾರೆ" ಎಂಬ ಸಾಲನ್ನು ಮಾತ್ರ ಬರೆಯಬೇಡಿ. ಅವರು ರಾತ್ರಿ ಹೋಗಿ ತೂಬು ಎತ್ತಬಹುದು. ಊರನ್ನೆಲ್ಲ ಸೇರಿಸಿ ಪಂಜು ಹಚ್ಚಿ ಒಂದೇ ರಾತ್ರಿಯಲ್ಲಿ ಗದ್ದೆ ಕೊಯ್ಯಬಹುದು. ಸಾಲ ತೀರಿಸಬಹುದು, ಮದುವೆಯನ್ನು ಗುಡ್ಡದ ದೇವಸ್ಥಾನಕ್ಕೆ ಸಾಗಿಸಬಹುದು. ನಿಮಗೆ ಹೊಳೆಯದ ಐದನೆಯ ದಾರಿಯನ್ನು ಲಂಡನ್ನಿನ ಹುಡುಗಿ ಹುಡುಕುತ್ತಾಳೆ.

ಯಾರೂ ಏನೂ ಮಾಡದಿದ್ದರೆ ಏನಾಗುತ್ತದೆ ಎಂಬುದನ್ನು ಮಾತ್ರ ಖಚಿತವಾಗಿ ಬರೆದಿಡಿ: ಮೂರನೆಯ ರಾತ್ರಿ ಏರಿ ಒಡೆಯುತ್ತದೆ. ಅವರು ಸಂತೆ ಸುತ್ತುತ್ತ ಕಾಲ ಕಳೆದರೆ ಆ ರಾತ್ರಿ ಏರಿ ಒಡೆಯಲೇಬೇಕು. ನಿಮಗೆ ಕನಿಕರ ಬಂದು ಮಳೆಯನ್ನು ಮುಂದೂಡಿದರೆ ಅವರ ಆಯ್ಕೆಗೆ ಬೆಲೆಯೇ ಉಳಿಯುವುದಿಲ್ಲ. ವಿನ್ಸೆಂಟ್ ಬೇಕರ್ 2010ರಲ್ಲಿ ಪ್ರಕಟಿಸಿದ ಅಪೊಕ್ಯಾಲಿಪ್ಸ್ ವರ್ಲ್ಡ್ ಎಂಬ ಆಟದ ಪುಸ್ತಕ ಈ ಬಗೆಯ ಸಿದ್ಧತೆಯನ್ನು ಚೆನ್ನಾಗಿ ಕಲಿಸುತ್ತದೆ. ಆದರೆ ಅದು ದೊಡ್ಡವರ ಆಟ, ಕಾಲೇಜು ಮುಟ್ಟಿದವರು ಓದಿದರೆ ಸಾಕು.

• ಒಂದೇ ಬೀಗಕ್ಕೆ ಒಂದೇ ಕೀಲಿ ಇಡಬೇಡಿ. ಇಲ್ಲಿಂದ ರಿಚ್‌ಮಂಡ್ ಸೇತುವೆ ದಾಟಿದರೆ ಮರಿನ್ ಕೌಂಟಿ. ಅಲ್ಲಿಯ ಲೂಕಾಸ್‌ಫಿಲ್ಮ್ ಗೇಮ್ಸ್ ಕಂಪನಿಯಲ್ಲಿ ಚಿಪ್ ಮಾರ್ನಿಂಗ್‌ಸ್ಟಾರ್, ರ್ಯಾಂಡಿ ಫಾರ್ಮರ್ ಮತ್ತು ಅವರ ಜೊತೆಗಾರರು 1980ರ ದಶಕದ ನಡುವಿನಲ್ಲಿ ಹ್ಯಾಬಿಟ್ಯಾಟ್ ಎಂಬ ಆಟ ಕಟ್ಟಿದರು. ಕಮೊಡೋರ್ 64 ಕಂಪ್ಯೂಟರಿಗೆ ಫೋನ್ ಲೈನಿನ ಮೋಡೆಮ್ ಹಚ್ಚಿಕೊಂಡು ನೂರಾರು ಜನ ಒಂದೇ ಊರಿನಲ್ಲಿ ಓಡಾಡಬಹುದಾಗಿದ್ದ ಆಟ ಅದು. 1986ರಲ್ಲಿ ಅದರ ಪರೀಕ್ಷೆ ಶುರುವಾಯಿತು. ತಮ್ಮ ಅನುಭವವನ್ನು ಇಬ್ಬರೂ 1990ರಲ್ಲಿ ಒಂದು ಪ್ರಬಂಧವಾಗಿ ಮಂಡಿಸಿದರು. ಆಟ ನಡೆಸುವ ಪ್ರತಿಯೊಬ್ಬರೂ ಓದಬೇಕಾದ ಪ್ರಬಂಧ.

ಅದರಲ್ಲಿ ಬರುವ ಒಂದು ಕಥೆ ಕೇಳಿ. ಜನರಿಗಾಗಿ ಅವರು ದ್ವೀಪವೊಂದರಲ್ಲಿ ನಿಧಿ ಹುಡುಕುವ ಸಾಹಸವನ್ನು ಯೋಜಿಸಿದರು. ವಾರಗಟ್ಟಲೆ ಕೂತು ನೂರು ಭಾಗಗಳ ದ್ವೀಪ ಕಟ್ಟಿದರು, ಪಾತ್ರ ವಹಿಸುವವರನ್ನು ಹೊಂದಿಸಿದರು. ಜನ ದಿನಗಟ್ಟಲೆ ಇದರಲ್ಲಿ ಮುಳುಗಿರುತ್ತಾರೆ ಎಂದುಕೊಂಡಿದ್ದರು. ಒಬ್ಬ ಆಟಗಾರನಿಗೆ ಮುಖ್ಯ ಸುಳಿವು ಮೊದಲ ಹದಿನೈದು ನಿಮಿಷದಲ್ಲೇ ಹೊಳೆಯಿತು, ಸುಮಾರು ಎಂಟು ಗಂಟೆಯಲ್ಲಿ ಅವನು ಎಲ್ಲವನ್ನೂ ಬಿಡಿಸಿ ಮುಗಿಸಿದ. ಉಳಿದವರಲ್ಲಿ ಎಷ್ಟೋ ಜನ ಇನ್ನೂ ಶುರುವೇ ಮಾಡಿರಲಿಲ್ಲ. ಒಬ್ಬನಿಗೆ ಹಬ್ಬ, ಉಳಿದವರಿಗೆ ಗೊಂದಲ. ಎಲ್ಲವನ್ನೂ ಕೂಲಂಕಷವಾಗಿ ಮೊದಲೇ ಯೋಜಿಸಲು ಹೋಗಬೇಡಿ ಎಂದು ಅವರು ಬರೆದದ್ದು ಇಂಥ ಅನುಭವಗಳ ಮೇಲೆ. ಆಮೇಲೆ ಅವರು ಆಡುವವರು ಯಾವ ಕಡೆ ಒಲಿಯುತ್ತಾರೆ ಎಂದು ನೋಡಿ, ಅದಕ್ಕೆ ಬೇಕಾದ್ದನ್ನು ಒದಗಿಸುವ ಕಡೆಗೆ ತಿರುಗಿದರು.

ನಿಮ್ಮ ಸರ್ವರಿನಲ್ಲೂ ಅಂಥ ಚುರುಕಿನ ಹುಡುಗನೊಬ್ಬ ಇದ್ದೇ ಇರುತ್ತಾನೆ. ಅವನನ್ನು ತಡೆಯಬೇಡಿ, ಪಾಪ, ಅವನ ತಪ್ಪೇನು. ನಿಧಿಯ ನಕ್ಷೆಯನ್ನು ನಾಲ್ಕು ತುಂಡು ಮಾಡಿ ನಾಲ್ವರ ಪಾತ್ರಗಳ ಹಿನ್ನೆಲೆಯಲ್ಲಿ ಇಡಿ. ಒಂದು ತುಂಡು ಕಮ್ಮಾರನ ಮಗಳಿಗೆ ಅಜ್ಜ ಹೇಳಿದ ಹಾಡಿನಲ್ಲಿದ್ದರೆ, ಕಮ್ಮಾರನ ಮಗಳು ಬಾಯಿ ಬಿಡದೆ ಯಾರೂ ಮುಂದೆ ಹೋಗುವಂತಿಲ್ಲ.

• ಇದರ ಜೊತೆಗೇ ಇನ್ನೊಂದು. ಅವರಿಗೆ ತಿಳಿಯಲೇಬೇಕಾದ ಸಂಗತಿಗೆ ಕನಿಷ್ಠ ಮೂರು ಸುಳಿವು ಇಡಿ. ಜಸ್ಟಿನ್ ಅಲೆಕ್ಸಾಂಡರ್ ಹೇಳಿಕೊಟ್ಟ ಈ ನಿಯಮ ಈಗ ಆಟ ನಡೆಸುವವರೆಲ್ಲರ ಬಾಯಲ್ಲಿದೆ. ಒಂದನ್ನು ಗಮನಿಸುವುದಿಲ್ಲ, ಒಂದನ್ನು ತಪ್ಪಾಗಿ ತಿಳಿಯುತ್ತಾರೆ, ಮೂರನೆಯದು ಕೈ ಹಿಡಿಯುತ್ತದೆ. ಆನ್‌ಲೈನಿನಲ್ಲಿ ಇದು ಇನ್ನೂ ಹೆಚ್ಚು ಬೇಕು, ಏಕೆಂದರೆ ನೂರು ಪೋಸ್ಟುಗಳ ನಡುವೆ ಬಿದ್ದ ಸುಳಿವನ್ನು ಯಾರೂ ಹಿಂದೆ ಹೋಗಿ ಓದುವುದಿಲ್ಲ.

• ಅವರು ನಿಮ್ಮನ್ನು ಗೆದ್ದಾಗ ಗೆಲ್ಲಲು ಬಿಡಿ. ಹ್ಯಾಬಿಟ್ಯಾಟಿನದೇ ಕಥೆ. ಅಲ್ಲೊಂದು ಅಪಾಯದ ನೆಲಮಾಳಿಗೆಯಿತ್ತು. ಅದರಲ್ಲಿ ಮೃತ್ಯು ಎಂಬ ಪಾತ್ರವನ್ನು ಆಟ ನಡೆಸುವವರೇ ವಹಿಸುತ್ತಿದ್ದರು. ಮೃತ್ಯುವಿನ ಕೈಯಲ್ಲಿ ಒಂದೇ ಏಟಿಗೆ ಕೊಲ್ಲುವ ಬಂದೂಕು. ಒಂದು ದಿನ ನಡೆಸುವವರಲ್ಲಿ ಒಬ್ಬರು ಆ ಪಾತ್ರದಲ್ಲಿದ್ದಾಗ ಆಟಗಾರರು ಮೃತ್ಯುವನ್ನೇ ಹೊಡೆದುಹಾಕಿ ಬಂದೂಕನ್ನು ಎತ್ತಿಕೊಂಡು ಹೋದರು. ಆ ಬಂದೂಕು ಊರಿನಲ್ಲಿ ಉಳಿದರೆ ಅನಾಹುತ. ಬಲವಂತದಿಂದ ಕಿತ್ತುಕೊಳ್ಳುವ ಮಾತೂ ಬಂತು, ಆಟಗಾರರಿಗೆ ಅದು ಅನ್ಯಾಯವೆನಿಸಿತು. ಕೊನೆಗೆ ಆಟದೊಳಗಿನ ಹತ್ತು ಸಾವಿರ ನಾಣ್ಯ ಕೊಟ್ಟು, ಒತ್ತೆಯಾಳು ಬಿಡಿಸಿಕೊಳ್ಳುವ ರೀತಿಯಲ್ಲಿ ಊರ ನಡುವೆ ಎಲ್ಲರ ಎದುರು ಬಂದೂಕನ್ನು ಹಿಂದಕ್ಕೆ ಪಡೆದರು. ತಮ್ಮ ಯೋಜನೆ ಕೆಟ್ಟದ್ದನ್ನೇ ಊರಿಗೊಂದು ದೊಡ್ಡ ಘಟನೆಯಾಗಿ ತಿರುಗಿಸಿಕೊಂಡರು.

ನಿಮ್ಮ ಖಳನಾಯಕ ಮೊದಲ ವಾರವೇ ಬಾಣಕ್ಕೆ ಬಿದ್ದರೆ, ಬಿದ್ದ. "ಅವನಿಗೆ ಮಾಯಾ ಕವಚವಿತ್ತು" ಎಂದು ಆ ಕ್ಷಣದಲ್ಲಿ ಹೊಸೆಯಬೇಡಿ. ಅವನ ತಮ್ಮ ಇದ್ದಾನೆ, ಸಾಲಗಾರರಿದ್ದಾರೆ, ಸೈನ್ಯ ಹರಿದು ಹಂಚಿಹೋಗಿ ಹಳ್ಳಿಗಳಿಗೆ ನುಗ್ಗುತ್ತಿದೆ. ಮುಂದಿನ ವಾರಕ್ಕೆ ಇದಕ್ಕಿಂತ ಏನು ಬೇಕು?

• ಹಾಗೆಂದು ಹೊಣೆಯಿಂದ ಕೈತೊಳೆದುಕೊಳ್ಳಬೇಡಿ. ಪಾಲೊ ಆಲ್ಟೊದ ಜೆರಾಕ್ಸ್ ಪಾರ್ಕ್ ಸಂಶೋಧನಾಲಯದ ಪಾವೆಲ್ ಕರ್ಟಿಸ್ 1990ರಲ್ಲಿ ಲ್ಯಾಂಬ್ಡಾಮೂ ಎಂಬ ಪಠ್ಯರೂಪದ ಲೋಕ ಶುರುಮಾಡಿದರು. ಬರೇ ಅಕ್ಷರ, ಚಿತ್ರವಿಲ್ಲ. ಬಂದವರೆಲ್ಲ ತಮ್ಮ ಕೋಣೆ, ತಮ್ಮ ವಸ್ತುಗಳನ್ನು ತಾವೇ ಕಟ್ಟಿಕೊಳ್ಳಬಹುದಿತ್ತು. ಜನ ಹೆಚ್ಚಾದ ಹಾಗೆ ಜಗಳವೂ ಹೆಚ್ಚಿತು. 1992ರ ಕೊನೆಯಲ್ಲಿ ನಡೆಸುವವರು, ಇನ್ನು ಮುಂದೆ ಯಂತ್ರವನ್ನು ನೋಡಿಕೊಳ್ಳುತ್ತೇವೆ, ನಿಮ್ಮೊಳಗಿನ ವ್ಯವಹಾರ ನಿಮ್ಮದು ಎಂದು ಹಿಂದೆ ಸರಿದರು. ಸ್ವಲ್ಪ ಕಾಲದಲ್ಲೇ ಒಬ್ಬಾತ ಬೇರೆಯವರ ಪಾತ್ರಗಳನ್ನು ಕೈಗೊಂಬೆ ಮಾಡಿಕೊಂಡು, ಎಲ್ಲರ ಕಣ್ಣೆದುರು ಅವುಗಳಿಂದ ಅಸಹ್ಯ ಕೃತ್ಯಗಳನ್ನು ಮಾಡಿಸುವಂತೆ ಬರೆದ. ಆ ಪಾತ್ರಗಳ ಹಿಂದೆ ಕೂತಿದ್ದವರಿಗೆ ಆದ ನೋವು ಆಟದ ನೋವಾಗಿರಲಿಲ್ಲ. ಪತ್ರಕರ್ತ ಜೂಲಿಯನ್ ಡಿಬೆಲ್ 1993ರ ಡಿಸೆಂಬರಿನಲ್ಲಿ ವಿಲೇಜ್ ವಾಯ್ಸ್ ಪತ್ರಿಕೆಯಲ್ಲಿ ಇದನ್ನು ಬರೆದ ಮೇಲೆ ಜಗತ್ತಿಗೇ ತಿಳಿಯಿತು. ಆ ಘಟನೆಯ ಮೇಲೆ ಲ್ಯಾಂಬ್ಡಾಮೂ ಒಳಗೆ ಅರ್ಜಿ, ಮತದಾನ ಎಲ್ಲ ಬಂದವು. 1996ರಲ್ಲಿ ನಡೆಸುವವರು, ಬರೇ ಯಂತ್ರ ನೋಡಿಕೊಂಡಿರುವುದು ಆಗದ ಮಾತು ಎಂದು ಒಪ್ಪಿಕೊಂಡು ಮತ್ತೆ ತೀರ್ಮಾನಗಳಿಗೆ ಕೈಹಾಕಿದರು.

ಭಾಗವತರಿಲ್ಲದೆ ತಾಳಮದ್ದಳೆ ನಡೆಯುವುದಿಲ್ಲ. ಆಡುವವರಿಗೆ ಸ್ವಾತಂತ್ರ್ಯ ಕೊಟ್ಟವರೇ ಅದಕ್ಕೆ ಕಾವಲೂ ಇರಬೇಕು. ಯಾರಾದರೂ ಆಟದ ಹೆಸರಿನಲ್ಲಿ ಇನ್ನೊಬ್ಬರನ್ನು ಹಿಂಸಿಸುತ್ತಿದ್ದರೆ, ಪಾತ್ರದೊಳಗಿನಿಂದ ಬುದ್ಧಿ ಹೇಳುತ್ತ ಕೂರಬೇಡಿ. ಆಟ ನಿಲ್ಲಿಸಿ, ನಿಮ್ಮ ಸ್ವಂತ ಹೆಸರಿನಲ್ಲಿ ಮಾತಾಡಿ. ಕೈಮೀರಿದರೆ ನಮ್ಮಂಥ ದೊಡ್ಡವರಿಗೆ ಆ ದಿನವೇ ಹೇಳಿ. ಯಾವ ಹೊತ್ತಾದರೂ ಸರಿ, ಬಾಗಿಲು ಬಡಿಯಿರಿ.

• ಇನ್ನೊಬ್ಬರ ಪಾತ್ರದ ಬಾಯಿ, ಕೈ, ಮನಸ್ಸು ನಿಮ್ಮದಲ್ಲ. ಕೌರವನ ಅರ್ಥ ಹೇಳುವವರು ಕೃಷ್ಣನ ಉತ್ತರವನ್ನೂ ತಾವೇ ಹೇಳಿಬಿಡುವುದಿಲ್ಲ. ಬರೆದು ಆಡುವ ಆಟಗಳಲ್ಲಿ ಎಲ್ಲರೂ ಎಡವುವುದು ಇಲ್ಲೇ. "ನಾನು ಕತ್ತಿ ಬೀಸಿದೆ, ನಿನ್ನ ಗುರಾಣಿ ಬಿತ್ತು, ನೀನು ಹೆದರಿ ಮಂಡಿಯೂರಿದೆ" ಎಂದು ಬರೆಯಕೂಡದು. "ನಿನ್ನ ಗುರಾಣಿಯ ಅಂಚಿಗೆ ಗುರಿಯಿಟ್ಟು ಕತ್ತಿ ಬೀಸುತ್ತೇನೆ" ಎಂದು ಬರೆದು ನಿಲ್ಲಿಸಬೇಕು. ಪ್ರಯತ್ನ ನಿಮ್ಮದು. ಫಲವನ್ನು ದಾಳವೋ ಎದುರಿನವರೋ ಹೇಳುತ್ತಾರೆ. ಆಟ ನಡೆಸುವವರಿಗೂ ಇದೇ ನಿಯಮ. "ಗುಹೆಯೊಳಗೆ ಕತ್ತಲು, ಎಲ್ಲಿಂದಲೋ ಉಸಿರಾಟದ ಸದ್ದು" ಎನ್ನಿ. "ನಿನಗೆ ಭಯವಾಯಿತು" ಎನ್ನಬೇಡಿ. ಭಯವಾಯಿತೋ ಇಲ್ಲವೋ ಅವಳೇ ಹೇಳಲಿ.

• ಮೊದಲ ದಿನ "ಏನು ಮಾಡುತ್ತೀರಿ?" ಎಂದು ಬರಿಗೈಯಲ್ಲಿ ಕೇಳಬೇಡಿ. ರ್ಯಾಂಡಿ ಫಾರ್ಮರ್ ಹ್ಯಾಬಿಟ್ಯಾಟಿನ ಜನರನ್ನು ಬಗೆಬಗೆಯಾಗಿ ವಿಂಗಡಿಸುತ್ತ, ಬಹುಪಾಲು ಜನ ತಾವಾಗಿ ಏನನ್ನೂ ಶುರುಮಾಡದವರು, ಅವರನ್ನು ಕೈಹಿಡಿದು ಕರೆತರಬೇಕು ಎಂದು ಬರೆದಿದ್ದಾರೆ. ಇದು ಅವರ ಕೊರತೆಯಲ್ಲ. ಹೊಸ ಊರಿಗೆ ಬಂದಿಳಿದವರಿಗೆ ಯಾರ ಮನೆ ಎಲ್ಲಿ ಎಂದು ಗೊತ್ತಿರುವುದಿಲ್ಲ. ಆದ್ದರಿಂದ ಮೊದಲ ಗಂಟೆ ಬಿಗಿಯಾಗಿರಲಿ. ನೀವೆಲ್ಲ ಒಂದೇ ದೋಣಿಯಲ್ಲಿದ್ದೀರಿ, ದೋಣಿಗೆ ನೀರು ನುಗ್ಗುತ್ತಿದೆ, ಹಿಂದೆ ಕೂತ ಮುದುಕನ ಕೈಯಲ್ಲಿ ಒಂದು ಪೆಟ್ಟಿಗೆಯಿದೆ. ದಡ ಮುಟ್ಟುವಷ್ಟರಲ್ಲಿ ಅವರವರಿಗೆ ಪರಿಚಯವಾಗಿರುತ್ತದೆ, ಪೆಟ್ಟಿಗೆಯ ಬಗ್ಗೆ ಒಂದು ಜಗಳವೂ ಎದ್ದಿರುತ್ತದೆ. ಅಲ್ಲಿಂದ ಮುಂದೆ ಹಗ್ಗ ಸಡಿಲಿಸುತ್ತ ಹೋಗಿ.

• ಪದ ಎತ್ತುವುದನ್ನು ಕಲಿಯಿರಿ. ಅರ್ಥಧಾರಿಯ ಮಾತು ಲಂಬಿಸಿತು ಎಂದು ಕಂಡರೆ ಭಾಗವತರು ತಾಳ ತಟ್ಟಿ ಮುಂದಿನ ಪದ ಎತ್ತುತ್ತಾರೆ. ಅವಮಾನ ಮಾಡುವುದಿಲ್ಲ, ತಡೆಯುವುದಿಲ್ಲ, ಪ್ರಸಂಗವನ್ನು ಮುಂದೆ ಒಯ್ಯುತ್ತಾರೆ. ಆಟದಲ್ಲಿ ದೃಶ್ಯವನ್ನು ಮುಗಿಸುವ ಹೊತ್ತು ಯಾವುದು? ತೀರ್ಮಾನ ಆಗಿಹೋದ ಮೇಲೆ. ಅದೇ ವಾದ ಎರಡನೆಯ ಸಲ ಸುತ್ತಿ ಬಂದಾಗ. ಮೂರನೆಯವರು ಬಹಳ ಹೊತ್ತಿನಿಂದ ಸುಮ್ಮನಿದ್ದಾಗ. "ಸರಿ, ಬೆಳಗಾಯಿತು, ಕೆರೆಯ ಏರಿಯ ಮೇಲೆ ಜನ ಸೇರಿದ್ದಾರೆ" ಎಂದರೆ ಸಾಕು, ದೃಶ್ಯ ಬದಲಾಯಿತು.

ಯಾವಾಗ ಎತ್ತಬಾರದು ಎಂಬುದು ಇನ್ನೂ ಮುಖ್ಯ. ಮಾತೇ ಆಡದ ಹುಡುಗಿ ಮೊದಲ ಸಲ ತನ್ನ ಪಾತ್ರದ ಅಮ್ಮನ ಬಗ್ಗೆ ಹೇಳತೊಡಗಿದಳು ಎನ್ನಿ. ಗಡಿಯಾರ ನೋಡಬೇಡಿ. ಕೆರೆ ಇನ್ನರ್ಧ ಗಂಟೆ ತಡೆದುಕೊಳ್ಳಲಿ. ಮಳೆಯನ್ನು ಮುಂದೂಡಬೇಡಿ ಎಂದವಳೇ ಹೀಗನ್ನುತ್ತಿದ್ದೇನೆ ಎನಿಸಬಹುದು. ಆಟದ ಗಡಿಯಾರ ಬೇರೆ, ಕೋಣೆಯ ಗಡಿಯಾರ ಬೇರೆ. ಮೊದಲನೆಯದನ್ನು ಬಿಗಿಯಾಗಿ ಹಿಡಿಯಿರಿ, ಎರಡನೆಯದರಲ್ಲಿ ಧಾರಾಳವಾಗಿರಿ.

• ಬೇಗ ಟೈಪ್ ಮಾಡುವವರೇ ಕಥೆಯ ಯಜಮಾನರಾಗದಂತೆ ನೋಡಿಕೊಳ್ಳಿ. ಬರೆದು ಆಡುವಾಗ ಸರದಿ ಇರಲಿ, ಎಲ್ಲರೂ ಒಂದು ಸಲ ಬರೆಯುವ ತನಕ ಯಾರೂ ಎರಡನೆಯದನ್ನು ಬರೆಯುವುದು ಬೇಡ. ಧ್ವನಿಯಲ್ಲಿ ಆಡುವಾಗ ಇಬ್ಬರು ಒಟ್ಟಿಗೆ ಮಾತೆತ್ತಿದರೆ, ಹಿಂದಿನ ದೃಶ್ಯದಲ್ಲಿ ಕಡಿಮೆ ಮಾತಾಡಿದವರಿಗೆ ಮೊದಲ ಅವಕಾಶ.

• ಆಗಲೇ ಗಡಿಯಾರದ ಮಾತು ಬಂದಿತ್ತು. ಬೇಸಿಗೆಯಲ್ಲಿ ಇಲ್ಲಿ ಬೆಳಿಗ್ಗೆ 8 ಆದರೆ ಬೆಂಗಳೂರಿನಲ್ಲಿ ರಾತ್ರಿ 8.30. ನವೆಂಬರಿನ ಮೊದಲ ಭಾನುವಾರ ನಾವು ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ಅದು 9.30 ಆಗುತ್ತದೆ, ಅಲ್ಲಿನ ಚಿಕ್ಕವರಿಗೆ ಮಲಗುವ ಹೊತ್ತು. ಲಂಡನ್ನಿನವರು ಬೇರೆ ಭಾನುವಾರ ತಿರುಗಿಸುತ್ತಾರೆ, ಆದ್ದರಿಂದ ಮಾರ್ಚ್ ಮತ್ತು ಅಕ್ಟೋಬರ್–ನವೆಂಬರಿನ ಕೆಲವು ದಿನ ಆ ಲೆಕ್ಕವೂ ತಪ್ಪುತ್ತದೆ. ಆಟದ ಹೊತ್ತನ್ನು ಮೊದಲೇ ಬರೆದು ಹಂಚಿ. ಬಾರದವರ ಪಾತ್ರವನ್ನು ಶಿಕ್ಷೆಯಾಗಿ ಕೊಲ್ಲಬೇಡಿ, ಬೇರೆಯವರ ಕೈಗೂ ಕೊಡಬೇಡಿ. "ಅವನು ಸಂತೆಗೆ ಹೋಗಿದ್ದ, ಬಂದ ಮೇಲೆ ಒಂದು ಸುದ್ದಿ ತಂದ" ಎನ್ನಿ. ಆ ಸುದ್ದಿ ಏನೆಂದು ಅವನೇ ಹೇಳಲಿ.

• ಆಟ ಶುರುವಾಗುವ ಮೊದಲು ಒಂದು ದಿನ ಬರೀ ಮಾತಿಗೆ ಇಡಿ. ಯಾವ ವಿಷಯ ಈ ಕಥೆಯಲ್ಲಿ ಬೇಡವೇ ಬೇಡ ಎಂದು ಪ್ರತಿಯೊಬ್ಬರೂ ನಿಮಗೆ ಖಾಸಗಿಯಾಗಿ ಬರೆದು ಕಳಿಸಲಿ, ಕಾರಣ ಕೇಳಬೇಡಿ. ಶಾಲೆಯ ಸಹಪಾಠಿಗಳನ್ನು, ಟೀಚರುಗಳನ್ನು ಪಾತ್ರ ಮಾಡುವುದು ಬೇಡ. ಜಾತಿಯ ಹೆಸರಿನಲ್ಲಿ ತಮಾಷೆ ಬೇಡ. ಡಿಸ್ಕಾರ್ಡಿಗೆ ಹದಿಮೂರು ತುಂಬಿರಬೇಕು ಎಂಬ ನಿಯಮವಿದೆ, ಸಣ್ಣವರಿದ್ದರೆ ಮನೆಯಲ್ಲೇ ಮೇಜಿನ ಸುತ್ತ ಆಡಿ.

• ಕನ್ನಡವನ್ನು ಒಳಗೆ ಬಿಡಿ, ತಿದ್ದಬೇಡಿ. ಇದು ನನ್ನ ಆಸೆ, ಬಚ್ಚಿಡುವುದಿಲ್ಲ. ಇಲ್ಲಿ ಹುಟ್ಟಿದವರು ವಾರದ ಕನ್ನಡ ತರಗತಿಯಲ್ಲಿ ಕೇಳಿದ್ದಕ್ಕೆ ಉತ್ತರ ಹೇಳುತ್ತಾರೆ. ಆಟದಲ್ಲಿ ಸಾಲಕೊಟ್ಟ ಗೌಡನನ್ನು ಒಪ್ಪಿಸಬೇಕಾದಾಗ ಅವರು ತಾವಾಗಿಯೇ ಮಾತು ಹುಡುಕುತ್ತಾರೆ. "ಗೌಡರೇ, ನಿಮ್ಮ ಗದ್ದೆ ಹೋಗತ್ತೆ, ಆದರೆ ಮಕ್ಕಳು ಉಳೀತಾರೆ" ಎಂದು ಹುಡುಗನೊಬ್ಬ ತಡವರಿಸಿಕೊಂಡು ಹೇಳಿದರೆ ಅದು ಅವನ ಸ್ವಂತ ಮಾತು. ಆ ಹೊತ್ತಿನಲ್ಲಿ ಅವನ ವ್ಯಾಕರಣ ಹಿಡಿದು ಎಳೆದರೆ ಅವನು ಮತ್ತೆ ಇಂಗ್ಲಿಷಿಗೆ ಹೋಗಿಬಿಡುತ್ತಾನೆ. ಗೌಡನ ಪಾತ್ರಕ್ಕೆ ಊರಿನಲ್ಲಿರುವ ಅಜ್ಜನನ್ನು ಒಂದು ದಿನ ಫೋನಿನಲ್ಲಿ ಕರೆಯಿರಿ. ಅವರಿಗೆ ನಿಯಮ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. ಕೆರೆ, ತೂಬು, ಸಾಲ, ಹಟ ಎಲ್ಲ ಗೊತ್ತಿರುತ್ತದೆ.

• ಆಟವಾದ ಮೇಲೆ ಒಂದು ಪುಸ್ತಕದಲ್ಲಿ ಅವರು ಮಾಡಿದ್ದನ್ನು ಬರೆದಿಡಿ. ನೀವು ಯೋಜಿಸಿದ್ದು ಆಗಲಿಲ್ಲವಲ್ಲ ಎಂಬ ಲೆಕ್ಕ ಬೇಡ. ಯಾರಿಗೆ ಮಾತು ಕೊಟ್ಟರು, ಯಾರನ್ನು ಬಿಟ್ಟುಬಂದರು, ಯಾವ ಸಣ್ಣ ಪಾತ್ರಕ್ಕೆ ಅವರೇ ಹೆಸರಿಟ್ಟರು? ಮುಂದಿನ ಪ್ರಸಂಗಕ್ಕೆ ಸಾಮಗ್ರಿ ಅಲ್ಲಿಂದ ತೆಗೆಯಿರಿ. ಎರಡು ತಿಂಗಳ ಹಿಂದೆ ಬೆಂಗಳೂರಿನ ಹುಡುಗ ಅಂಬಿಗನಿಗೆ ಕೊಟ್ಟ ಮಾತನ್ನು ಅಂಬಿಗ ಬಂದು ಕೇಳಿದರೆ, ತಾನು ಮಾಡಿದ್ದಕ್ಕೆ ಈ ಲೋಕದಲ್ಲಿ ಬೆಲೆಯಿದೆ ಎಂದು ಅವನಿಗೆ ತಿಳಿಯುತ್ತದೆ. ಆಯ್ಕೆ ನಿಜವಾಗಿತ್ತು ಎಂದು ನಂಬಿಸಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

• ಮಂಗಳ ಹಾಡಿ. ನಿಮ್ಮ ಆಟಗಳಲ್ಲಿ ಬಹಳಷ್ಟು ಮುಗಿಯುವುದಿಲ್ಲ. ಒಂದು ವಾರ ಇಬ್ಬರು ಬರುವುದಿಲ್ಲ, ಮರುವಾರ ಮೂವರು, ಆಮೇಲೆ ಚಾನೆಲ್ ಮೌನವಾಗುತ್ತದೆ. ವರ್ಷಗಟ್ಟಲೆಯ ಮಹಾಕಾವ್ಯಕ್ಕೆ ಕೈಹಾಕದೆ ಏಳೆಂಟು ವಾರಗಳಲ್ಲಿ ಮುಗಿಯುವ ಪ್ರಸಂಗ ಕಟ್ಟಿ, ಕೊನೆಯ ದಿನಾಂಕವನ್ನು ಮೊದಲೇ ಹೇಳಿ. ಬೆಂಗಳೂರಿನವರಿಗೆ ಫೆಬ್ರುವರಿ, ಮಾರ್ಚಿನಲ್ಲಿ ಪರೀಕ್ಷೆ, ಇಲ್ಲಿ ಹೈಸ್ಕೂಲಿನವರಿಗೆ ಮೇ ತಿಂಗಳಲ್ಲಿ ಎಪಿ ಪರೀಕ್ಷೆಗಳು. ಆದ್ದರಿಂದ ಜೂನ್–ಜುಲೈ ಒಂದು ಪ್ರಸಂಗ, ಸೆಪ್ಟೆಂಬರಿನಿಂದ ಥ್ಯಾಂಕ್ಸ್‌ಗಿವಿಂಗ್ ಒಳಗೆ ಇನ್ನೊಂದು. ಒಂದು ಮುಗಿದ ಮೇಲೆ ಮುಂದಿನದನ್ನು ಬೇರೆಯವರು ನಡೆಸಲಿ, ನೀವು ಆಡುವವರ ಜೊತೆ ಕೂರಿ. ಮಾತೇ ಆಡದ ಆ ಹುಡುಗಿಯನ್ನು ಮೊದಲು ಕೇಳಿ ನೋಡಿ.